ಆರೂವರೆ ನಂಬರಿನ ಕೈ

ನನ್ನ ಕೈಗೆ ಒಂದು ನಂಬರಿದೆ ಎಂದು ನನಗೆ ಮೊದಲು ಗೊತ್ತಾದದ್ದು ಹುಸೇನಪೀರನ ಅಂಗಡಿಯಲ್ಲಿ.

ರಾಯಚೂರಿನ ತೀನ್ ಕಂದೀಲ್ ಚೌಕದಿಂದ ತುಸು ಒಳಗೆ ಹೋದರೆ ಆ ಅಂಗಡಿ. ಆಸ್ಪತ್ರೆಗಳಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತಿತ್ತು. ಗಾಜಿನ ಕಪಾಟಿನೊಳಗೆ ಕತ್ತರಿಗಳು, ಇಕ್ಕಳಗಳು, ಮೂಲೆಯಲ್ಲಿ ಯಾರಿಗೂ ಬೇಡವಾದ ಒಂದು ಕಟ್ಟಿಗೆಯ ಕಾಲು. ಎಂಬತ್ತೇಳನೇ ಇಸವಿಯ ಬೇಸಿಗೆ. ದೇವದುರ್ಗದ ದೊಡ್ಡ ಡಾಕ್ಟರು ಜೈಬುನ್ನೀಸಾ ಮೇಡಂ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಅಲ್ಲಿಯವರೆಗೆ ನಾವು ದಪ್ಪ ರಬ್ಬರಿನ ಗ್ಲೌಸನ್ನೇ ಕುದಿಸಿ, ಹಗ್ಗಕ್ಕೆ ಹಾಕಿ ಒಣಗಿಸಿ, ಪೌಡರ್ ಹೊಡೆದು ಮತ್ತೆ ಮತ್ತೆ ತೊಡುತ್ತಿದ್ದೆವು. ರಕ್ತದಿಂದ ಅಂಟುವ ಹೊಸ ರೋಗವೊಂದು ಬಂದಿದೆಯಂತೆ, ಇನ್ನು ಮುಂದೆ ಒಮ್ಮೆ ತೊಟ್ಟು ಬಿಸಾಡುವ ಗ್ಲೌಸೇ ಬೇಕು ಎಂದು ಮೇಡಂ ಹಟ ಹಿಡಿದಿದ್ದರು.

"ಯಾವುದು ತರಬೇಕ್ರಿ ಮೇಡಂ?" ಎಂದು ಕೇಳಿದ್ದಕ್ಕೆ, "ಹಳ್ಳ್ಯಾಗ ಹೆರಿಗಿ ಮಾಡಿಸೋರು ನೀವು. ಕೈ ನಿಮ್ದು. ನೀವೇ ಆರಿಸ್ರಿ. ಸ್ವಲ್ಪ ದಿನ ಹಾಕಿ ನೋಡಿ ನನಗ ಹೇಳ್ರಿ, ಇಡೀ ತಾಲೂಕಿಗಿ ಅದನ್ನೇ ತರಸ್ತೀನಿ," ಅಂದಿದ್ದರು.

"ಕೈ ನಂಬರ್ ಹೇಳವ್ವಾ," ಅಂದ ಹುಸೇನಪೀರ.

"ಎರಡು ನಾಕು."

ಅವನು ಕನ್ನಡಕ ತೆಗೆದು ನಕ್ಕ. "ಅರೇ ಬೇಟಿ, ಅದು ಬಳಿ ನಂಬರು! ನಾ ಏನ್ ಬಳಿಗಾರ ಕಂಡೀನೇನು? ಇಲ್ಲಿ ನಂಬರೇ ಬ್ಯಾರೆ. ಆರು, ಆರೂವರಿ, ಏಳು. ಹಿಡಿ, ಅಂಗೈ ಸುತ್ತ ಸುತ್ತಿ ನೋಡು," ಎಂದು ಅಳತೆ ಟೇಪನ್ನು ಗಾಜಿನ ಮೇಲಿಂದ ನನ್ನತ್ತ ಜಾರಿಸಿದ. ಬಳೆಗಾರನಾಗಿದ್ದರೆ ಕೈ ಹಿಡಿದು, ಬೆರಳು ಒತ್ತಿ, ತಾನೇ ನೋಡುತ್ತಿದ್ದ. ಇಲ್ಲಿ ನನ್ನ ಕೈಯನ್ನು ನಾನೇ ಅಳೆದುಕೊಂಡೆ. ಆರೂವರೆ.

ಅವನು ಎರಡು ಬಗೆ ತೆಗೆದಿಟ್ಟ. ಒಂದು ಪಾಲಿಥಿನ್‌ದು. ಚಪ್ಪಟೆ, ಸಡಿಲು, ಗಾಳಿಗೆ ಪರಪರ ಅನ್ನುವಂಥದ್ದು. ಇನ್ನೊಂದು ತೆಳು ರಬ್ಬರಿನದು, ಒಳಗೆ ಪೌಡರು. ಒಂದು ಪೆಟ್ಟಿಗೆ ರಬ್ಬರಿನ ದುಡ್ಡಿಗೆ ಪಾಲಿಥಿನ್‌ದು ರಾಶಿ ಬರುತ್ತದೆ ಎಂದ. ನಾನು ಮೊದಲು ಪಾಲಿಥಿನ್ ತೊಟ್ಟು ಕಣ್ಣು ಮುಚ್ಚಿ ನನ್ನದೇ ಎಡಗೈ ಮಣಿಕಟ್ಟು ಹಿಡಿದೆ. ಏನೂ ಇಲ್ಲ. ಯಾರದೋ ಕೈ ಹಿಡಿದಂತೆ, ಅದೂ ಸತ್ತವರದು. ಬಳಿಕ ತೆಳು ರಬ್ಬರ್. ಬೆರಳು ಬೆರಳಿಗೂ ಅಂಟಿಕೊಂಡು ಕೂತಿತು. ಮಣಿಕಟ್ಟು ಹಿಡಿದರೆ ಟುಕು ಟುಕು ಎಂದು ನಾಡಿ ಬಡಿಯುತ್ತಿತ್ತು.

"ಇದೇ ಇರ್ಲಿ."

"ಕಣ್ಣ ಮುಚ್ಚಿ ಸಾಮಾನು ಆರಸೋ ಗಿರಾಕಿ ನೀನೊಬ್ಬಾಕೀನೇ ನೋಡು," ಎಂದ ಹುಸೇನಪೀರ. "ಒಂದ್ ಮಾತು ಕೇಳು. ಗಾಜಿನ ಬಳಿ ಹಾಕ್ಕೊಂಡು ಇದನ್ನ ತೊಡಬ್ಯಾಡ. ಚರ್ ಅಂತ ಹರೀತದ."

ದೇವದುರ್ಗದ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅಜ್ಜಿ ಮಾನಮ್ಮ ನೆನಪಾದಳು. ಅವಳು ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ ಸೂಲಗಿತ್ತಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ, ಅರ್ಧ ರೊಟ್ಟಿಯಿಂದ, ಅರ್ಧ ಕತೆಯಿಂದ. ನಮ್ಮ ಕೇರಿಯವರಿಗೆ ಊರಿನ ದೊಡ್ಡ ಮನೆಗಳಲ್ಲಿ ಕಟ್ಟೆಯಿಂದ ಮೇಲೆ ಜಾಗವಿರಲಿಲ್ಲ. ಹೆರಿಗೆ ಹೊತ್ತಿಗೆ ಅಜ್ಜಿಯನ್ನು ಹಿತ್ತಲ ಬಾಗಿಲಿನಿಂದ ಕರೆದೊಯ್ಯುತ್ತಿದ್ದರು. ಆದರೆ ಐದನೇ ದಿನ, ಕೂಸಿನ ಹಣೆಬರಹ ಬರೆಯುವ ಸೆಟವಿ ತಾಯಿಯ ಪೂಜೆಯ ದಿನ, ಅವಳು ಮುಂಬಾಗಿಲಿನಿಂದ ಒಳಗೆ ಹೋಗಬೇಕು. ಬಾಣಂತಿ ಅವಳ ಎರಡೂ ಕೈಗೆ ಬಿಸಿನೀರು ಎರೆದು, ಎಣ್ಣೆ ಅರಿಶಿಣ ಹಚ್ಚಿ, ಬಳೆ ತೊಡಿಸಬೇಕು. ಕೂಸು ಹಿಡಿದ ಕೈಯ ಋಣ ಅದು. ಆ ದಿನ ಅಜ್ಜಿ ಮನೆಗೆ ಬಂದರೆ ಅವಳ ಕೈ ಎಣ್ಣೆಯಲ್ಲಿ ಮಿರುಗುತ್ತಿತ್ತು. "ಹಿಡಿ ನನ್ ಕೈ, ನಿನಗೂ ಸ್ವಲ್ಪ ಹತ್ತಲಿ," ಎಂದು ನನ್ನ ಅಂಗೈಗೆ ಉಜ್ಜುತ್ತಿದ್ದಳು.

ನಾನು ದೇವದುರ್ಗ ತಾಲೂಕಿನ ಮಸರಕಲ್ಲಿಗೆ ನರ್ಸ್ ಆಗಿ ಬಂದು ಎರಡು ಬೇಸಿಗೆ ಕಳೆದಿದ್ದವು. ಅಲ್ಲಿ ನನ್ನವರೆಂಬುವರು ಇರಲಿಲ್ಲ. ಉಪಕೇಂದ್ರದ ಹಿಂದಿನ ಒಂದು ಕೋಣೆ, ಒಂದು ಸ್ಟೋವು, ಸಂಜೆಗೆ ಒಂದು ರೇಡಿಯೋ. ಜನ ನನ್ನನ್ನು 'ನರ್ಸವ್ವಾ' ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದರು, ಹೆರಿಗೆಗೆ ಓಡಿಬಂದು ಕರೆಯುತ್ತಿದ್ದರು. ಐದನೇ ದಿನಕ್ಕೆ ಮಾತ್ರ ಯಾರೂ ಕರೆದಿರಲಿಲ್ಲ. ಸರಕಾರಿ ನೌಕರಿಯವಳು, ಪಗಾರ ಬರುತ್ತದೆ, ಋಣವೇನು ಬಂತು ಎಂದೋ, ಅಥವಾ ನನ್ನ ಕೇರಿ ಯಾವುದೆಂದು ಯಾರಾದರೂ ವಿಚಾರಿಸಿದ್ದರೋ. ಕೇಳುವುದು ಹೇಗೆ? ಒಂದೇ ಒಂದು ಮನೆಯವರು ಒಂದು ಸಲ ಕರೆದು ಈ ಕೈಗೆ ನೀರು ಎರೆದರೆ ಸಾಕು, ನಾನು ಈ ಊರಿನವಳಾಗುತ್ತೇನೆ ಎಂದುಕೊಳ್ಳುತ್ತಿದ್ದೆ. ಬಿಡುವಿದ್ದಾಗಲೆಲ್ಲ ಅದನ್ನೇ ಕನಸುತ್ತಿದ್ದೆ.

ಆ ಬೇಸಿಗೆಯಲ್ಲೇ ಕುರಿ ಕಾಯುವ ಕನಕಪ್ಪನ ಹೆಂಡತಿ ಆದೆಮ್ಮನಿಗೆ ನೋವು ಶುರುವಾಯಿತು. ಚೊಚ್ಚಲು. ಸುಡುವ ಮಧ್ಯಾಹ್ನ. ನಾನು ಬಳೆ ಬಿಚ್ಚಿಟ್ಟು, ಹೊಸ ಪೆಟ್ಟಿಗೆ ಹಿಡಿದು ಹೋದೆ. ಕನಕಪ್ಪನ ತಾಯಿ ಬೂದೆಮ್ಮ ಬಾಗಿಲಲ್ಲೇ ನನ್ನ ಕೈ ನೋಡಿ ನಿಂತಳು.

"ಇದೇನಬೇ ನರ್ಸವ್ವಾ, ಬರಿಗೈಲೆ ಬಂದೀದಿ? ಬಾಣಂತಿ ಮನಿಗಿ ಬಳಿ ಇಲ್ದ ಕೈ ಚಂದೇನು?"

"ಬಳಿ ಇದ್ರ ಇದು ಹರೀತದ ಯವ್ವಾ," ಎಂದು ಗ್ಲೌಸು ತೋರಿಸಿದೆ.

ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಹಲ್ಲಿ ಹೊಟ್ಟಿ ಇದ್ದಂಗ ಅದ ಬಿಡು. ಹಾಕ್ಕೋ ಹಾಕ್ಕೋ, ಆಕಿ ಅಲ್ಲಿ ಒದ್ಯಾಡಾಕತ್ತ್ಯಾಳ."

ಹೊರಗೆ ಕುರಿಹಟ್ಟಿಯಿಂದ ಕನಕಪ್ಪ ಕೂಗಿದ: "ನಾ ಕುರಿ ಈಯಿಸೋವಾಗ ಅದನ್ನ ಹಾಕ್ಕೊಂಡ್ರ ಕುರಿ ನಗ್ತಾವ ನರ್ಸವ್ವಾ!"

"ನಿನ್ ಹೇಣ್ತಿ ಕುರಿ ಅಲ್ಲೋ ಮೂಳಾ! ಬಾಯಿ ಮುಚ್ಚಿ ನೀರು ತಾ!" ಎಂದಳು ಬೂದೆಮ್ಮ.

ತಲೆ ಹೊರಗೆ ಬಂದಾಗ ನನ್ನ ಬೆರಳಿಗೆ ಕೂಸಿನ ಕೊರಳ ಹತ್ತಿರ ಏನೋ ತಾಗಿತು. ಟುಕು ಟುಕು. ಹುಸೇನಪೀರನ ಅಂಗಡಿಯಲ್ಲಿ ನನ್ನ ಮಣಿಕಟ್ಟಿನಲ್ಲಿ ಬಡಿದಂತೆಯೇ ಬಡಿಯುತ್ತಿತ್ತು. ಹೊಕ್ಕುಳ ಹುರಿ ಕೊರಳಿಗೆ ಸುತ್ತಿತ್ತು. ಮೆಲ್ಲಗೆ ಬೆರಳು ತೂರಿಸಿ, ಹುರಿಯನ್ನು ತಲೆಯ ಮೇಲಿಂದ ಜಾರಿಸಿ ಬಿಡಿಸಿದೆ. ಆದೆಮ್ಮ ಆ ಹೊತ್ತಿಗೆ ನನ್ನ ಎಡಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಗ್ಲೌಸು ಮುಗಿದು ಚರ್ಮ ಶುರುವಾಗುವಲ್ಲಿ ಅವಳ ಉಗುರು ಊರಿದ್ದವು. ನೋವಾಯಿತು. ಬಿಡಬೇಡ ಎಂದು ಒಳಗೊಳಗೇ ಅಂದುಕೊಂಡೆ.

ಗಂಡು ಕೂಸು ಅತ್ತಿತು. ಬೂದೆಮ್ಮ ಅಳುತ್ತಲೇ ನಕ್ಕಳು. ಎಲ್ಲ ಮುಗಿದ ಮೇಲೆ ನಾನು ಗ್ಲೌಸು ಬಿಚ್ಚಿ, "ಮಾಸಿನ ಕಸದ ಜೋಡಿ ಇವನ್ನೂ ಹಿತ್ತಲಾಗ ಹುಗಿಬೇಕ್ರಿ ಯವ್ವಾ. ಎಲ್ಲೂ ಬಿಸಾಡಬಾರದು, ಮಕ್ಕಳ ಕೈಗಿ ಸಿಗಬಾರದು," ಎಂದೆ.

"ಹುಗಿತೀನಿ ಹೋಗಬೇ. ನೀ ಕೈ ತೊಳ್ಕೋ."

ಮರುದಿನ ಹೋಗಿ ತಾಯಿ ಕೂಸು ನೋಡಿಬಂದೆ. ಆದೆಮ್ಮ ನಿದ್ದೆಯಲ್ಲಿದ್ದಳು. ಬೂದೆಮ್ಮ ಹೊರಗೆ ಬಂದು, "ಹುರಿ ಸುತ್ತಿದ್ದ ಕೂಸು ಉಳಿಯೋದು ಕಮ್ಮಿ ಅಂತಾರಬೇ. ಆ ಕೈ ಇತ್ತಂತ ಉಳೀತು," ಎಂದಳು.

ಆ ಕೈ. ಆ ಎರಡು ಮಾತು ಹಿಡಿದುಕೊಂಡು ನಾನು ಮನೆಗೆ ಬಂದೆ. ಈ ಸಲ ಕರೆಯುತ್ತಾರೆ. ಕರೆಯದೆ ಇರಲಾರರು. ಮಣಿಕಟ್ಟಿನ ಮೇಲೆ ಆದೆಮ್ಮನ ಉಗುರಿನ ಗುರುತುಗಳು ನಾಲ್ಕು ಎಳೆಚಂದ್ರರಂತೆ ಕೆಂಪಗಿದ್ದವು. ರೊಟ್ಟಿ ತಟ್ಟುವಾಗ, ರೇಡಿಯೋ ತಿರುವುವಾಗ ಅವನ್ನು ನೋಡಿಕೊಳ್ಳುತ್ತಿದ್ದೆ. ದಿನದಿನಕ್ಕೆ ಮಸುಕಾಗತೊಡಗಿದವು. ಐದನೇ ದಿನದವರೆಗಾದರೂ ಇರಲಿ ಎಂದು ಅಲ್ಲಿ ಸೋಪು ಉಜ್ಜದೆ ಸ್ನಾನ ಮಾಡಿದೆ.

ಅಜ್ಜಿಯ ಒಂದು ಕತೆಯಿತ್ತು. ಒಬ್ಬಳು ಹಾವಿನ ಗಂಟಲಿಂದ ಮುಳ್ಳು ತೆಗೆಯಲು ಹೋದಳಂತೆ. ವಿಷ ತಾಗದಿರಲಿ ಎಂದು ಹಾವು ತನ್ನ ಪೊರೆ ಕಳಚಿ ಅವಳ ಕೈಗೆ ತೊಡಿಸಿತಂತೆ. ಮುಳ್ಳು ಬಂತು, ಪೊರೆ ಮಾತ್ರ ಬರಲಿಲ್ಲ. ಅಂದಿನಿಂದ ಆ ಕೈಗೆ ಬೆಂಕಿ ಸುಡದು, ನೀರು ತಂಪೆನಿಸದು. ಆಕೆ ಊರಿನವರ ಮುಳ್ಳೆಲ್ಲ ತೆಗೆದಳಂತೆ, ಯಾರ ಮೈಯ ಬಿಸಿಯೂ ಅವಳಿಗೆ ತಿಳಿಯಲಿಲ್ಲವಂತೆ.

"ಆಮ್ಯಾಲ ಏನಾತಜ್ಜಿ?"

"ಯಾರರ ಕೇಳಿ ಆಕಿ ಕೈ ಹಿಡದ್ರ ಪೊರಿ ತಾನೇ ಬಿಡ್ತದಂತ."

"ಯಾರು ಹಿಡದ್ರು?"

ಅಷ್ಟರಲ್ಲಿ ಅಜ್ಜಿಗೆ ನಿದ್ದೆ ಬಂದಿರುತ್ತಿತ್ತು. ಪ್ರತಿ ಸಲವೂ ಅಲ್ಲೇ. ಹೇಳದೆಯೇ ಒಂದು ದಿನ ಹೋಗಿಬಿಟ್ಟಳು.

ಐದನೇ ದಿನ ನಾನು ಬೆಳಿಗ್ಗೆಯೇ ತಲೆ ತೊಳೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಕೂತೆ. ಬಳೆ ಹಾಕಿಕೊಳ್ಳಲಿಲ್ಲ. ಅವರು ತೊಡಿಸುವವರಲ್ಲವೇ? ಯಾರೋ ಜ್ವರದ ಗುಳಿಗೆಗೆ ಬಂದರು. ಯಾರದೋ ಮೇಕೆ ಒಳಗೆ ಬಂತು. ಕನಕಪ್ಪ ಬಾಗಿಲ ಮುಂದೆಯೇ ಕುರಿ ಹೊಡೆದುಕೊಂಡು ಹೋದ. "ಅರಾಮ ಏನ್ರಿ ನರ್ಸವ್ವಾ!" ಎಂದ, ನಿಲ್ಲಲಿಲ್ಲ. ಬಿಸಿಲು ಇಳಿಯಿತು. ಕೂಸಿನ ಹೊಕ್ಕುಳಿಗೆ ಪೌಡರ್ ಹಾಕಬೇಕೆಂದು ನನಗೆ ನಾನೇ ಒಂದು ನೆಪ ಹೇಳಿಕೊಂಡು, ಡಬ್ಬಿ ಹಿಡಿದು ಹೊರಟೆ.

ಮುಂಬಾಗಿಲು ತೆರೆದೇ ಇತ್ತು. ನಾನು ಒಳಗೆ ಹೋದೆ. ಯಾರೂ ತಡೆಯಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ನಾಲ್ಕಾರು ಹೆಂಗಸರು ಬೆನ್ನು ಮಾಡಿ ಕೂತಿದ್ದರು. ಮಡಿಸಿದ ಕಂಬಳಿಯ ಮೇಲೆ ಒಂದು ಮೊರ. ಮೊರದಲ್ಲಿ ಅರಿಶಿಣ ಬಳಿದ ಕಲ್ಲು, ಅದೇ ಸೆಟವಿ ತಾಯಿ. ಪಕ್ಕದಲ್ಲಿ ಕುಡಗೋಲು, ದೀಪ. ದೀಪದ ಪಕ್ಕ ಒಂದು ಕೈ ನಿಂತಿತ್ತು.

ಐದೂ ಬೆರಳು ಮೇಲೆ ಮಾಡಿ, ತುಂಬಿಕೊಂಡು, ಹಳದಿಯಾಗಿ. ಬೆರಳ ತುದಿಯವರೆಗೂ ಜೋಳ ತುಂಬಿ, ಮಣಿಕಟ್ಟಿಗೆ ದಾರ ಬಿಗಿದಿದ್ದರು. ಅಂಗೈಗೆ ಕುಂಕುಮ. ದಾರದ ಮೇಲೆ ಹಸಿರು ಗಾಜಿನ ಬಳೆ.

"ಇದೇನ್ ಯವ್ವಾ?" ಎಂದೆ.

ಬೂದೆಮ್ಮ ತಿರುಗಿ ನೋಡಿದಳು. "ಕೈ," ಎಂದಳು, ಇಷ್ಟೂ ತಿಳಿಯದೇ ಎನ್ನುವಂತೆ.

"ಹುಗಿರಿ ಅಂದಿದ್ನಲ್ಲ?"

"ಕೂಸಿನ ಕೊರಳ ಬಿಡಿಸಿದ ಕೈನ ಮಣ್ಣಾಗ ಹೆಂಗ ಇಡಬೇಕಬೇ? ಎಡಗೈದು ಹುಗಿದೀನಿ, ಸರಕಾರದ ಮಾತು ಮೀರಬಾರದಂತ. ಬಲಗೈದು ಮನಸು ಒಲ್ಲೆ ಅಂತು. ಬಿಸಿನೀರಾಗ ತೊಳದು ಅರಿಶಿಣದಾಗ ಇಟ್ಟಿದ್ದೆ."

"ನನ್ನ ಕರೀಲಿಲ್ಲಲ್ಲ." ನಾನು ಹೇಳಬೇಕೆಂದಿದ್ದು ಹೊಕ್ಕುಳ ಪೌಡರಿನ ಮಾತು. ಬಾಯಿಂದ ಬಂದದ್ದು ಇದು, ಸಣ್ಣ ಹುಡುಗಿಯ ದನಿಯಲ್ಲಿ.

ಬೂದೆಮ್ಮನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಿನ್ ಕರದು ಏನ್ ತೊಳೀಬೇಕಬೇ? ನಿನ್ ಕೈ ಕೂಸಿಗಿ ತಾಕೇ ಇಲ್ಲ. ಅದು ಒಳಗಿತ್ತು. ಕೂಸು ಹಿಡದಿದ್ದು ಇದು." ಗ್ಲೌಸಿನತ್ತ ಗದ್ದ ತೋರಿದಳು. ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಪಕ್ಕದ ಮನೆಯ ಚನ್ನಮಲ್ಲಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ಸರಕಾರಿ ಮಂದಿ ಬರ್ತಾರೋ ಇಲ್ಲೋ, ಕೈಯರ ಇರ್ಲಿ ಅಂತ ಇಟ್ಕೊಂಡಾಳ ಮುದುಕಿ. ಪಗಾರ ಮಾತ್ರ ಇದಕ್ಕ ಕೊಡಬ್ಯಾಡ್ರಿ ಅಂತ ಹೇಳವ್ವಾ ದೇವದುರ್ಗದಾಗ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಆದೆಮ್ಮ ಎದ್ದು ಬಂದಳು. ಚೊಂಬಿನಿಂದ ಬಿಸಿನೀರನ್ನು ಸಣ್ಣಗೆ ಆ ಕೈಯ ಮೇಲೆ ಎರೆದಳು. ಬೆರಳು ಬೆರಳಿಗೂ ಎಣ್ಣೆ ಸವರಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅವಸರವಿಲ್ಲದೆ, ನಿದ್ದೆ ಹೋದ ಕೂಸಿಗೆ ಹಚ್ಚುವಂತೆ. ಹಣೆಯಿಟ್ಟು ನಮಸ್ಕಾರ ಮಾಡಿದಳು. ಬಾಗಿಲ ಹತ್ತಿರ ನಿಂತಿದ್ದ ನಾನು ನನ್ನ ಎರಡೂ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡೆ. ಬೆರಳಿಗೆ ಎಣ್ಣೆಯ ಬಿಸಿ ಎಲ್ಲಾದರೂ ತಿಳಿಯುತ್ತದೆಯೇ ಎಂದು ಕಾದೆ. ತಿಳಿಯಲಿಲ್ಲ.

ಆದೆಮ್ಮ ಒಮ್ಮೆ ನನ್ನ ಕಡೆ ನೋಡಿದಳು. ಕೂಸು ಅತ್ತಿತು, ಅತ್ತ ತಿರುಗಿದಳು.

ನಾನು ನರ್ಸು. ಹೇಳಬೇಕಾದದ್ದು ಹೇಳಲೇಬೇಕಿತ್ತು. "ಯವ್ವಾ, ಇದನ್ನ ಮನ್ಯಾಗ ಇಡಬ್ಯಾಡ್ರಿ. ಎಷ್ಟು ತೊಳದ್ರೂ ರಕ್ತ ತಾಕಿದ್ದು. ಕೂಸಿಗಿ ಒಳ್ಳೇದಲ್ಲ."

ಕೂಸಿಗೆ ಎಂದ ಕೂಡಲೇ ಬೂದೆಮ್ಮನ ಮುಖ ಬಾಡಿತು. "ಹಂಗಾರ ಹೆಂಗಬೇ? ಪೂಜಿ ಅಂತೂ ಮುಗೀತು. ನೀನೇ ಒಯ್ಯಿ. ನಿನಗ ಗೊತ್ತಿರ್ತದ ಏನ್ ಮಾಡಬೇಕಂತ." ಒಂದು ಹೊಸ ಕುಬಸದ ಬಟ್ಟೆಯಲ್ಲಿ ಕೈಯನ್ನು ಸುತ್ತಿ, ಮೇಲೆ ಒಂದು ತುಣುಕು ಬೆಲ್ಲವಿಟ್ಟು, ನನ್ನ ಮಡಿಲಿಗೆ ಹಾಕಿದಳು. ಬಟ್ಟೆ, ಬೆಲ್ಲ, ಬಳೆ. ಅಜ್ಜಿ ತರುತ್ತಿದ್ದುದೆಲ್ಲ ಇತ್ತು.

ಊರ ನಡುವಿನಿಂದ ಹೋಗಲಿಲ್ಲ. ಹೊಲದ ಬದುವಿನ ಹಾದಿ ಹಿಡಿದೆ. ಹತ್ತಿ ಗಿಡ ಕಿತ್ತು ಬರಿದಾದ ಕರಿಮಣ್ಣು, ಬಾಯಿಬಿಟ್ಟ ಬಿರುಕು. ದೀಪದ ಹತ್ತಿರ ಇದ್ದುದಕ್ಕೋ, ಬಿಸಿನೀರು ಬಿದ್ದುದಕ್ಕೋ ಮಡಿಲಲ್ಲಿ ಅದು ಇನ್ನೂ ಬೆಚ್ಚಗಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿ ಬಟ್ಟೆ ಬಿಚ್ಚಿದೆ. ಅದರ ಬೆರಳುಗಳ ನಡುವೆ ನನ್ನ ಬೆರಳು ಸೇರಿಸಿದೆ. ಒತ್ತಿದರೆ ಒಳಗಿನ ಜೋಳ ಸರಿದು, ಅದೂ ನನ್ನ ಕೈಯನ್ನು ಒತ್ತಿದಂತಾಗುತ್ತಿತ್ತು. ತೋರುಬೆರಳು ನನ್ನ ತೋರುಬೆರಳಷ್ಟೇ ಉದ್ದ. ಆರೂವರೆ ನಂಬರು. ಊರ ಮನೆಗಳ ಗೋಡೆ ಕಾಣುವವರೆಗೂ ಹಾಗೆಯೇ ಕೈ ಹಿಡಿದುಕೊಂಡು ನಡೆದೆ.

ಹಿತ್ತಲಲ್ಲಿ ದಾರ ಬಿಚ್ಚಿದೆ. ಜೋಳವನ್ನು ಆಳವಾಗಿ ಮಣ್ಣಿಗೆ ಹಾಕಿ ಮುಚ್ಚಿದೆ. ಗ್ಲೌಸಿನ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದೆ. ರಬ್ಬರು ಉರಿಯುವಾಗ ಬೆರಳು ಒಂದೊಂದಾಗಿ ಒಳಗೆ ಮಡಚಿಕೊಂಡವು, ಏನನ್ನೋ ಹಿಡಿಯುವಂತೆ. ಬಳಿಕ ಮುದ್ದೆಯಾಯಿತು. ಬಳೆಗಳನ್ನು ಸೋಪು ಹಚ್ಚಿ ತೊಳೆದು, ಕುದಿಸಿ, ಕೈಗೆ ಏರಿಸಿದೆ. ಸಲೀಸಾಗಿ ಹೋಗಿ ಸರಿಯಾಗಿ ಕೂತವು. ಬಳೆಗಾರ ಆ ರಬ್ಬರ್ ಕೈ ನೋಡಿಯೇ ಅಳತೆ ಕೊಟ್ಟಿರಬೇಕು.

ತಿಂಗಳ ಕೊನೆಗೆ ದೇವದುರ್ಗಕ್ಕೆ ಹೋದಾಗ ಜೈಬುನ್ನೀಸಾ ಮೇಡಂ ಕೇಳಿದರು. "ಏನ್ ಸೂಗಮ್ಮಾ, ಯಾವುದು ತರಸೋಣು?"

"ತೆಳು ರಬ್ಬರಿಂದೇ ತರಸ್ರಿ ಮೇಡಂ. ಕೊರಳಿಗಿ ಸುತ್ತಿದ ಹುರಿ ಬೆರಳಿಗಿ ಗೊತ್ತಾತ್ರಿ. ಪಾಲಿಥಿನ್ ಆಗಿದ್ರ ಗೊತ್ತಾಗ್ತಿದ್ದಿಲ್ಲ."

"ಬೇರೆ ತಕರಾರು?"

ಹೇಳದೆ ಬಿಟ್ಟಿದ್ದರೆ ಇನ್ನೊಂದು ಮನೆಯಲ್ಲಿ ಇನ್ನೊಂದು ಕೈ ದೀಪದ ಪಕ್ಕ ನಿಲ್ಲುತ್ತಿತ್ತು. ನನ್ನದಾದರೂ ಒಂದು ಅಲ್ಲಿರುತ್ತಿತ್ತು. ಆದರೂ ಹೇಳಿದೆ: "ಹುಗ್ಯಾಕ ಮನಿ ಮಂದಿ ಕೈಯಾಗ ಬಿಡಬಾರದ್ರಿ. ನಾವೇ ವಾಪಸ್ ತಂದು ಸುಡಬೇಕು."

"ಸರಿ ಹೇಳಿದ್ರಿ," ಎಂದರು ಮೇಡಂ. ಅದೇ ಪದ್ಧತಿಯಾಯಿತು.

ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಬೋರಿಂಗಿನ ಹತ್ತಿರ ಬೂದೆಮ್ಮ ಸಿಕ್ಕಳು. ಕೊಡ ಇಟ್ಟು ಹಿಡಿಕೆ ಹೊಡೆಯುತ್ತ ಏದುಸಿರು ಬಿಡುತ್ತಿದ್ದಳು. ನನ್ನ ಬಳೆ ನೋಡಿ, "ಬೇಸ್ ಕುಂತಾವಲ್ಲಬೇ," ಎಂದಳು. ಆಮೇಲೆ ಬೇಸರದಿಂದ, "ಉರುಕುಂದಪ್ಪನ ಮನ್ಯಾಗ ಹೆರಿಗಿ ಮಾಡಿಸಿ ಕೈ ಬಿಟ್ಟು ಬರಲಿಲ್ಲಂತ ನೀನು? ಐದನೇ ದಿನ ಅವರು ಏನ್ ಇಟ್ಟು ಪೂಜಿ ಮಾಡಬೇಕಬೇ?"

"ಏನ್ ಇಟ್ರು?"

"ಏನಿಲ್ಲ. ನಿನ್ ಕತ್ತರಿ ಕೇಳೋಣು ಅಂದ್ರು. ಮತ್ತ ಹೆಂಗ ಕೇಳೋದಂತ ಸುಮ್ಮನಾದ್ರು."

ನಾನು ಬಲಗೈಯನ್ನು ಅವಳ ಮುಂದೆ ಚಾಚಿದೆ. "ಕೈ ಇಲ್ಲೇ ಅದಲ್ಲ ಯವ್ವಾ."

ಬೂದೆಮ್ಮ ಹಿಡಿಕೆ ಹೊಡೆಯುವುದನ್ನು ನಿಲ್ಲಿಸಿ ನನ್ನ ಕೈಯನ್ನು ನೋಡಿದಳು. ಅಂಗೈ ನೋಡಿದಳು, ಬಳೆ ನೋಡಿದಳು. ನಿಜವಾಗಿಯೂ ವಿಚಾರ ಮಾಡಿ ನೋಡಿದಳು.

"ಇದು ನಿಂದು ಬಿಡಬೇ," ಎಂದಳು. ಮತ್ತೆ ಆ ಕೈಯನ್ನೇ ಮಣಿಕಟ್ಟಿಗೆ ಹಿಡಿದು ಎಳೆದು ಬೋರಿಂಗಿನ ಹಿಡಿಕೆಯ ಮೇಲಿಟ್ಟಳು. "ಹೊಡಿ ಸ್ವಲ್ಪ. ನನಗ ದಮ್ಮು ಹತ್ಯದ."

ಅವಳ ಬೆರಳು ಒರಟಾಗಿದ್ದವು, ಒದ್ದೆಯಾಗಿದ್ದವು, ತಣ್ಣಗಿದ್ದವು. ನಾನು ಹೊಡೆದೆ. ಕೊಡ ತುಂಬಿ ಸೋರಿ, "ಸಾಕಬೇ, ಸಾಕು, ನೀರು ಹೊರಗ ಹೋಗಾಕತ್ತದ," ಎಂದು ಅವಳು ಕೂಗುವವರೆಗೂ ಹೊಡೆಯುತ್ತಲೇ ಇದ್ದೆ.